ಇಪ್ಪತ್ತಾರು ಬಲ್ಬಿನ ಸರ

ನನ್ನ ಮೊಮ್ಮಗಳಿಗೆ ವೈರ್‌ಮನ್ ಲೈಸೆನ್ಸು ಬಂತು! ಮೊದಲು ಅದನ್ನ ಬರೆದುಬಿಡ್ತೀನಿ, ಮಿಕ್ಕಿದ್ದೆಲ್ಲ ಆಮೇಲೆ. ಮೊನ್ನೆ ಶನಿವಾರ ಹನ್ನೊಂದು ಗಂಟೆ ಹೊತ್ತಿಗೆ ಅಂಚೆಯವನು ಬಂದ, ಸೈನು ಹಾಕಿಸ್ಕೊಂಡ, ಕಂದು ಬಣ್ಣದ ಕವರು ಕೊಟ್ಟ. ಒಳಗೆ ಅವಳ ಫೋಟೊ ಅಂಟಿಸಿ ಸೀಲು ಹೊಡೆದ ಪುಸ್ತಕ. ಇನ್ನು ಮೈಸೂರಲ್ಲಿ ಯಾರ ಮನೆಯ ವೈರಿಂಗನ್ನಾದರೂ ಅವಳು ಮುಟ್ಟಬಹುದು, ಯಾಕಮ್ಮ ಅಂತ ಯಾರೂ ಕೇಳೋ ಹಾಗಿಲ್ಲ. ನಾನು ಆ ಪುಸ್ತಕ ಹಿಡ್ಕೊಂಡು ಹಿನಕಲ್ಲಿನ ನಮ್ಮ ಬೀದಿಯ ಈ ತುದಿಯಿಂದ ಆ ತುದಿವರೆಗೂ ಬಾಗಿಲು ತಟ್ಟಿಕೊಂಡು ಹೋದೆ. ಕಾಲಿಗೆ ಚಪ್ಪಲಿ ಹಾಕಿಲ್ಲ ಅನ್ನೋದು ನಾಲ್ಕನೇ ಮನೆ ಹತ್ತಿರ ಗೊತ್ತಾಯಿತು. ಒಬ್ಬಳು, "ಹೆಣ್ಣುಮಗೂಗೆ ಏಣಿ ಹತ್ತೋ ಕೆಲಸ ಯಾಕೆ ಬೇಕಿತ್ತು ತಾತ?" ಅಂದಳು. "ನಿನ್ನ ಗಂಡ ಮಂಚದಿಂದ ಇಳಿಯೋದಿಲ್ವಲ್ಲಮ್ಮ, ಅದಕ್ಕೆ" ಅಂದು ಮುಂದಿನ ಮನೆಗೆ ಹೋದೆ. ಹಾಗನ್ನಬಾರದಿತ್ತು. ಆದರೆ ನನ್ನ ಬಾಯಿ ಮೊದಲಿಂದಲೂ ಹಾಗೇ, ಸಂತೋಷ ಬಂದರೆ ಇನ್ನೂ ಹರಿತ.

ಬೀದಿ ತುಂಬ ಕುಣಿದಾಡಿದರೂ ಆವತ್ತು ನನಗಿದ್ದಿದ್ದು ಒಂದೇ ಒಂದು ಚಿಂತೆ. ಸಂಜೆ ಊಟಕ್ಕೆ ಅವಳು ನಮ್ಮ ಜೊತೆ ಕೂರ್ತಾಳಾ? ಒಂದೇ ಸೂರಿನ ಕೆಳಗೆ ಇದ್ದುಕೊಂಡು ಹನ್ನೆರಡು ವರ್ಷದಿಂದ ಒಂದು ಹೊತ್ತೂ ಕೂತಿಲ್ಲ. ನಾನು, ನನ್ನ ಹೆಂಡತಿ, ಮಗ ಮೂವರೂ ಮುಂದುಗಡೆ ಹಾಲಿನಲ್ಲಿ ಕೂತು ಉಣ್ತೀವಿ. ಅವಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗ್ತಾಳೆ. ಅವಳಮ್ಮ, ಅಂದರೆ ನನ್ನ ಸೊಸೆ, ಮಗಳು ಒಬ್ಬಳೇ ಆಗ್ತಾಳೆ ಅಂತ ಅಲ್ಲೇ ಉಣ್ತಾಳೆ. ಕೂರಬೇಡ ಅಂತ ಮೊದಲು ಅಂದವನು ನಾನು.

ಅದು ತೊಂಬತ್ತರ ದಶಕದ ನಡುವಿನ ಮಾತು. ಆಗ ನಾವು ಪೇಟೆಯೊಳಗೆ ಒಂದು ವಠಾರದಲ್ಲಿ ಬಾಡಿಗೆಗಿದ್ದೆವು. ನನ್ನ ಓದು ನಾಲ್ಕನೇ ಕ್ಲಾಸಿಗೇ ನಿಂತಿದ್ದು. ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಲೋಡು ಇಳಿಸೋ ಕೆಲಸ. ಕರೆಂಟಿನ ವಿಷಯ ನನಗೆ ಗೊತ್ತಿದ್ದಿದ್ದೆಲ್ಲ ಕಾರ್ಖಾನೆಯ ಎಲೆಕ್ಟ್ರಿಶಿಯನ್ ಹಿಂದೆ ನಿಂತು ನೋಡಿದ್ದು. ನೋಡಿದ್ದು ಕೈಗೆ ಬಂತು, ತಲೆಗೆ ಬರಲಿಲ್ಲ. ಆದರೆ ವಠಾರದಲ್ಲಿ ನಾನೇ ದೊಡ್ಡ ಎಲೆಕ್ಟ್ರಿಶಿಯನ್ನು. ನಾವು ಚರ್ಚಿಗೆ ಹೋಗೋ ಜನ. ಕ್ರಿಸ್‌ಮಸ್ ಬಂದರೆ ನಮ್ಮ ಮನೆಯ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಮನೆ, ನೋಡೋಕೆ ಆಚೆ ಬೀದಿಯಿಂದಲೂ ಬರೋರು. ಹುಲ್ಲಿನ ಮಾಡು, ಮಣ್ಣಿನ ಕುರಿ ದನ, ಹತ್ತು ದಿನ ಮುಂಚೆ ತಟ್ಟೆಯಲ್ಲಿ ಬಿತ್ತಿ ಬೆಳೆಸಿದ ರಾಗಿ ಪೈರು, ಮುಂದೆ ಜಲ್ಲಿಕಲ್ಲಿನ ದಾರಿ. ಅದರ ಮೇಲೆಲ್ಲ ನಾನೇ ಕೈಯಾರೆ ಕಟ್ಟಿದ ಸೀರಿಯಲ್ ಸೆಟ್ಟು. ಮೂವತ್ತೆಂಟು ಪುಟಾಣಿ ಬಲ್ಬು, ಒಂದರ ಬಾಲಕ್ಕೆ ಇನ್ನೊಂದರ ಮೂತಿ ಸೇರಿಸಿ ಕಟ್ಟಿದ ಉದ್ದನೆ ಸರ.

ಆ ಸರದ್ದು ಒಂದು ಕೆಟ್ಟ ಚಾಳಿ. ಒಂದು ಬಲ್ಬು ಹೋದರೆ ಮೂವತ್ತೆಂಟೂ ಕತ್ತಲೆ. ಕೈ ಕೈ ಹಿಡಿದು ನಿಂತ ಸಾಲಿನಲ್ಲಿ ಒಬ್ಬ ಕೈ ಬಿಟ್ಟರೆ ಮುಂದಕ್ಕೆ ಏನೂ ದಾಟೋದಿಲ್ಲವಲ್ಲ, ಹಾಗೆ. ಸತ್ತಿದ್ದು ಯಾವುದು ಅಂತ ಒಂದೊಂದೇ ಹುಡುಕಬೇಕು. ಹುಡುಕಿದ ಮೇಲೆ ಅಲ್ಲಿಗೆ ಹೊಸ ಬಲ್ಬು ಹಾಕಬೇಕು. ನಾನು ಹಾಕ್ತಿರಲಿಲ್ಲ. ಸತ್ತಿದ್ದನ್ನ ಕತ್ತರಿಸಿ ಎಸೆದು, ಎರಡು ತುದಿಗೂ ಗಂಟು ಹಾಕಿ, ಟೇಪು ಸುತ್ತಿಬಿಡ್ತಿದ್ದೆ. ಸರ ಮತ್ತೆ ಹತ್ತಿಕೊಳ್ಳೋದು. ಅದೂ ಮೊದಲಿಗಿಂತ ಜೋರಾಗಿ! ವರ್ಷಕ್ಕೆ ಎರಡು ಮೂರು ಬಲ್ಬು ಕತ್ತರಿಸ್ತಾ ಹೋದೆ, ವರ್ಷದಿಂದ ವರ್ಷಕ್ಕೆ ಬೆಳಕು ಏರ್ತಾ ಹೋಯಿತು. ವಠಾರದವರು, "ಏನ್ ಕೈಗುಣ ಕಣ್ರೀ ನಿಮ್ಮದು, ಹಳೇದಾದಷ್ಟೂ ಹೊಳೀತದೆ" ಅನ್ನೋರು. ನಾನು ಮೀಸೆ ತಿರುವುತ್ತಿದ್ದೆ.

ಆ ವರ್ಷ ಮೊಮ್ಮಗಳಿಗೆ ಒಂಬತ್ತು. ಮನೆಗೆ ಅವಳೊಂದೇ ಮಗು. ನಮ್ಮ ಮನೆಯ ಪದ್ಧತಿ ಏನು ಅಂದರೆ ಊಟಕ್ಕೆ ಮುಂಚೆ ಜಪ ಹೇಳೋದು ಮನೆಯ ಅತೀ ಚಿಕ್ಕವರು. ಗೋದಲಿಯ ಸ್ವಿಚ್ಚು ಒತ್ತೋದೂ ಅವರೇ. ಅದಕ್ಕೆ ಅವಳು ಬೆಳಗ್ಗೆಯಿಂದ ಹೊಸ ಫ್ರಾಕು ಹಾಕ್ಕೊಂಡು ಸ್ವಿಚ್‌ಬೋರ್ಡಿನ ಕೆಳಗೇ ಕೂತಿದ್ದಳು. ಸಂಜೆ ಒಂದು ಗಳಿಗೆ ಕರೆಂಟು ಹೋಗಿ ಬಂತು. ಏಳು ಗಂಟೆಗೆ ಹಾಡಿನ ಗುಂಪಿನವರು ಬಂದರು, ಜೊತೆಗೆ ಫಾದರ್ ಕೂಡ. ವಠಾರವೆಲ್ಲ ಜಗಲಿ ಮುಂದೆ ನಿಂತಿತು. ನಾನು, "ಹೂಂ, ಒತ್ತೇ" ಅಂದೆ.

ಒತ್ತಿದಳು. ಸರ ಫಳ್ಳಂತ ಬೆಳ್ಳಗೆ ಮಿಂಚಿತು, ಅಷ್ಟು ಬಿಳೀ ಬೆಳಕು ನಾನು ಯಾವತ್ತೂ ಕಂಡಿರಲಿಲ್ಲ. ಚಿಟ್ ಚಿಟ್ ಅಂತ ಸದ್ದು. ಆಮೇಲೆ ಗೋದಲಿ ಕತ್ತಲೆ. ಜಗಲಿಯ ದೊಡ್ಡ ಬಲ್ಬು ಮಾತ್ರ ಏನೂ ಆಗದವರ ಹಾಗೆ ಉರೀತಾ ಇತ್ತು, ನನ್ನ ಮುಖ ಎಲ್ಲರಿಗೂ ಚೆನ್ನಾಗಿ ಕಾಣಲಿ ಅಂತ. ಹಿಂದೆ ಯಾರೋ ಕಿಸಕ್ಕಂತ ನಕ್ಕರು.

"ಏನೇ ಮಾಡ್ದೆ?"

"ಸ್ವಿಚ್ಚು ಒತ್ತಿದೆ ಅಷ್ಟೇ ತಾತ."

"ಅಷ್ಟೇನಾ? ಸ್ವಿಚ್ಚು ಒತ್ತೋಕೂ ಯೋಗ್ಯತೆ ಬೇಕು ಕಣೇ!"

ಎರಡು ಬಾರಿಸಿದೆ. ಅದು ಸಾಲದು ಅಂತ ಗೋದಲಿ ಮುಂದಿನ ಜಲ್ಲಿಕಲ್ಲಿನ ಮೇಲೆ ಮಂಡಿಯೂರಿಸಿದೆ. ಫಾದರ್, "ಬುಡಪ್ಪ, ಮಗು" ಅಂದರು. "ಇದು ನಮ್ಮನೆ ವಿಚಾರ ಫಾದರ್, ನೀವು ಹಾಡಿಸಿ" ಅಂದೆ. ಅವರು ಹಾಡಿದರು. ಬಾಲಯೇಸು ಹುಟ್ಟಿದ ಹಾಡು, ಅವಳ ತಲೆಯ ಮೇಲೆ. ಸೊಸೆ ಬಾಗಿಲ ಹಿಂದೆ ಸೆರಗು ಕಚ್ಚಿಕೊಂಡು ನಿಂತಿದ್ದಳು. ಮಗನ ಕಡೆ ನೋಡಿದೆ, ಅವನು ಹಾಡಿನ ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡಿದ್ದ. ಇಂಥವನನ್ನ ಹೆತ್ತೆವಲ್ಲ ಅಂತ ಅವನ ಮೇಲೂ ಸಿಟ್ಟು ಬಂತು ನನಗೆ. ಹೊಡೀತಿರೋನು ನಾನೇ, ತಡೀಲಿಲ್ಲ ಅಂತ ಅವನ ಮೇಲೆ ಸಿಟ್ಟು!

ಊಟಕ್ಕೆ ಕೂತೆವು. ಕೋಳಿ ಸಾರು, ಇಡ್ಲಿ. ಮಗು ಬಂದು ತನ್ನ ಜಾಗದಲ್ಲಿ ಕೂತು, ಕಣ್ಣು ಮುಚ್ಚಿ, ಕೈ ಜೋಡಿಸಿ ಜಪಕ್ಕೆ ಬಾಯಿ ತೆರೆದಳು. ಮಂಡಿಯಲ್ಲಿ ಜಲ್ಲಿಯ ಗುರುತು ಹಾಗೇ ಇತ್ತು. ನಾನು, "ಏಳು. ನಿನ್ನ ಬಾಯಲ್ಲಿ ಜಪ ಹೇಳಿಸಿದರೆ ಸಾರೂ ಹಳಸುತ್ತೆ. ನಮ್ಮ ಜೊತೆ ಕೂರಬೇಡ" ಅಂದೆ. ನನ್ನ ಹೆಂಡತಿ, "ಫ್ಯೂಸು! ನಮ್ಮನೆ ಫ್ಯೂಸು!" ಅಂತ ನಕ್ಕಳು. ನನ್ನ ಸಿಟ್ಟು ಇಳಿಸೋಕೆ ನಕ್ಕಿದ್ದು ಅಂತ ಆಮೇಲೆ ಹೇಳಿದಳು. ಆವತ್ತು ಎಲ್ಲರೂ ನಕ್ಕರು, ಮಗನೂ ನಕ್ಕ. ಮಗು ತಟ್ಟೆ ಎತ್ತಿಕೊಂಡು ಒಳಗೆ ಹೋಯಿತು.

ಎರಡು ದಿನ ಬಿಟ್ಟು ಆ ಸರವನ್ನ ಕಾರ್ಖಾನೆಗೆ ತಗೊಂಡು ಹೋಗಿ ಎಲೆಕ್ಟ್ರಿಶಿಯನ್‌ಗೆ ತೋರಿಸಿದೆ. ಅವನು ಬೆರಳಲ್ಲಿ ಎಣಿಸಿಕೊಂಡು ಹೋದ. ಎಣಿಸಿ ಮುಗಿಸಿ ಹೊಟ್ಟೆ ಹಿಡ್ಕೊಂಡು ನಕ್ಕ.

"ಏನಯ್ಯ, ಇಪ್ಪತ್ತಾರೇ ಇದೆ! ಮಿಕ್ಕಿದ್ದು ಕೋಳಿಗೆ ಹಾಕಿದ್ಯಾ?"

"ಕತ್ತರಿಸಿ ಗಂಟು ಹಾಕಿದೆ. ಬೆಳಕು ಜಾಸ್ತಿ ಬರ್ತಿತ್ತು."

"ಬರದೆ ಇನ್ನೇನು! ನೀನು ಲೋಡು ಹೊರೋನು, ನಿನ್ನ ಲೆಕ್ಕದಲ್ಲೇ ಹೇಳ್ತೀನಿ ಕೇಳು. ಇನ್ನೂರ ಮೂವತ್ತು ಕೆಜಿ ತೊಲೆ. ಮೂವತ್ತೆಂಟು ಜನ ಸಾಲಾಗಿ ಹೆಗಲು ಕೊಟ್ಟಿದ್ದಾರೆ. ತಲೆಗೆ ಆರಾರು ಕೆಜಿ, ಆರಾಮಾಗಿ ಹೊರ್ತಾರೆ. ಒಬ್ಬೊಬ್ಬನನ್ನೇ ಮನೆಗೆ ಕಳಿಸ್ತಾ ಹೋದೆ ನೀನು. ತೊಲೆ ಅಷ್ಟೇ ಇದೆ. ಈಗ ಇಪ್ಪತ್ತಾರು ಜನದ ಮೇಲೆ ತಲೆಗೆ ಒಂಬತ್ತು ಬಿತ್ತು. ಹಲ್ಲು ಕಚ್ಚಿ ಹೊತ್ತರು, ನಿನಗೆ ಅದು ಬೆಳಕಾಗಿ ಕಂಡಿತು. ಕರೆಂಟು ಹೋಗಿ ಬಂದಾಗ ತೊಲೆ ಇನ್ನೊಂದಿಷ್ಟು ಭಾರ ಆಗುತ್ತೆ. ಸೊಂಟ ಮುರಿದು ಬಿದ್ದರು. ಯಾರು ಸ್ವಿಚ್ಚು ಒತ್ತಿದರೂ ಬೀಳ್ತಿದ್ದರು ಕಣಯ್ಯ, ಬಿಷಪ್ಪರೇ ಒತ್ತಲಿ."

ಮಗುವಿನ ತಪ್ಪಿಲ್ಲ ಅಂತ ಆ ಗಳಿಗೆಯಲ್ಲೇ ನನಗೆ ಗೊತ್ತಾಯಿತು. ಗೊತ್ತಾದ ಮೇಲೆ ಏನು ಮಾಡಿದೆ ಅನ್ನೋದೇ ನಾನಿಲ್ಲಿ ಬರೀಬೇಕಾದ ಮಾತು. ಬಸ್ಸಿಳಿದು ವಠಾರಕ್ಕೆ ಬಂದೆ. ಅವಳು ಬಾಗಿಲಲ್ಲಿ ಕುಂಟಾಬಿಲ್ಲೆ ಆಡ್ತಿದ್ದಳು. ಕಾರ್ಖಾನೆಯ ಆ ನಗು ಇನ್ನೂ ಕಿವಿಯಲ್ಲಿತ್ತು. "ಏ ಫ್ಯೂಸು, ನೀರು ತಗೊಂಡು ಬಾ" ಅಂತ ವಠಾರಕ್ಕೆಲ್ಲ ಕೇಳೋ ಹಾಗೆ ಕೂಗಿದೆ. ಆವತ್ತಿಂದ ವಠಾರಕ್ಕೆಲ್ಲ ಅವಳದ್ದು ಅದೇ ಹೆಸರು. ಸರವನ್ನ ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಎಸೆದೆ. ನಾನು ಯಾರಿಗೂ ಹೇಳಲಿಲ್ಲ.

ವಾರ ಕಳೆದ ಮೇಲೆ ಪಾಪ ಅನ್ನಿಸಿ, "ಬಾರೇ, ಊಟಕ್ಕೆ ಕೂತ್ಕೊ" ಅಂದೆ. "ನನ್ನದು ಆಯ್ತು ತಾತ" ಅಂದಳು. ಮಾರನೇ ದಿನವೂ ಅದೇ. ಬೈದರೂ ಅದೇ, ಮಿಠಾಯಿ ತಂದರೂ ಅದೇ. ಒಂಬತ್ತು ವರ್ಷದ ಮಗುವಿಗೆ ಇಷ್ಟು ಹಟವಾ ಅಂತ ನಾನೂ ಬಿಗುಮಾನ ಹಿಡಿದೆ. ಜಪ ನಾನೇ ಹೇಳ್ಕೋತಿದ್ದೆ, ಗಂಟಲು ಕಟ್ಟಿದ ಕೋಳಿ ಹಾಗೆ.

ಒಂದು ದಿನ ಮಾತ್ರ ಅವಳಾಗೇ ಬಂದು ಕೇಳಿದಳು. "ತಾತ, ಸೀರಿಯಲ್ ಸೆಟ್ಟಿನಲ್ಲಿ ಒಂದು ಹೋದರೆ ಎಲ್ಲಾ ಹೋಗುತ್ತೆ. ನಮ್ಮನೆ ಲೈಟು ಆಫ್ ಮಾಡಿದರೆ ಪಕ್ಕದ ಮನೇದು ಯಾಕೆ ಹೋಗಲ್ಲ?" ನನಗೆ ಉತ್ತರ ಗೊತ್ತಿರಲಿಲ್ಲ. "ಪಕ್ಕದ ಮನೇಲಿ ನಿನ್ನಂಥೋಳು ಹುಟ್ಟಿಲ್ಲ, ಅದಕ್ಕೆ" ಅಂದೆ. ಅವಳು ಹೂಂ ಅಂತ ತಲೆ ಆಡಿಸಿ ಹೋದಳು. ಆ ತಲೆ ಆಡಿಸಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅದಾಗಿ ಮೂರು ನಾಲ್ಕು ವರ್ಷಕ್ಕೆ ಹಿನಕಲ್ಲಿನಲ್ಲಿ ಈ ಮನೆ ಕಟ್ಟಿದೆವು. ಗಾರೆಯವನು ಬಂದ, ಬಡಗಿ ಬಂದ. ವೈರಿಂಗಿಗೆ ಮಾತ್ರ ಯಾರೂ ಬೇಡ, ನಾನಿದ್ದೀನಿ ಅಂದೆ. ಹಾಲು, ರೂಮು ಹೇಗೋ ಮಾಡಿ ಮುಗಿಸಿದೆ. ಹಿಂದುಗಡೆಗೆ ಬರುವಷ್ಟರಲ್ಲಿ ವೈರು ಸಾಲದೆ ಬಂತು. ಅಡುಗೆಮನೆ ಬಲ್ಬಿನ ಬಾಲದಿಂದಲೇ ಗೋಡೆ ತೂರಿಸಿ ಬಚ್ಚಲುಮನೆ ಬಲ್ಬಿಗೆ ಎಳೆದುಬಿಟ್ಟೆ, ಗೋದಲಿ ಕಟ್ಟಿದ ಹಾಗೇ. ಎರಡಕ್ಕೂ ಸೇರಿ ಒಂದೇ ಸ್ವಿಚ್ಚು. ಅರವತ್ತು ಅರವತ್ತರ ಎರಡು ಬಲ್ಬು. ಸ್ವಿಚ್ಚು ಹಾಕಿದರೆ ಎರಡೂ ಹತ್ತಿದವು, ಕಾಮಾಲೆ ಬಂದ ಕಣ್ಣಿನ ಹಾಗೆ. ಒಬ್ಬನಿಗೆ ಇಟ್ಟ ಮುದ್ದೆಯನ್ನ ಇಬ್ಬರು ಹಂಚಿಕೊಂಡ ಹಾಗೆ ಎರಡಕ್ಕೂ ಅರೆಹೊಟ್ಟೆ.

ಆ ಬೆಳಕಲ್ಲಿ ನನ್ನ ಸೊಸೆ ವರ್ಷಗಟ್ಟಲೆ ಅಡುಗೆ ಮಾಡಿದಳು. ಅಕ್ಕಿಯಲ್ಲಿ ಕಲ್ಲು ಸಿಕ್ಕರೆ, "ನಿನ್ನ ಕಣ್ಣು ಹೋಗಿದೆ ಕಣಮ್ಮ" ಅಂತಿದ್ದೆ. "ಮಾವ, ಇಲ್ಲಿ ಏನೂ ಕಾಣ್ಸಲ್ಲ" ಅಂದರೆ, "ನಿನ್ನ ತವರುಮನೇಲಿ ಬುಡ್ಡಿ ದೀಪ ತಾನೇ ಇದ್ದಿದ್ದು?" ಅಂತಿದ್ದೆ. ಬಚ್ಚಲ ಬಲ್ಬು ಹೋದರೆ ಅಡುಗೆಮನೆಯೂ ಕತ್ತಲೆ. ಸ್ನಾನ ಮಾಡಿ ಬಂದವರು ಅಭ್ಯಾಸದ ಮೇಲೆ ಸ್ವಿಚ್ಚು ಆರಿಸಿದರೆ ಒಲೆ ಮುಂದೆ ಕತ್ತಲೆ. "ಆರಿಸ್ಬೇಡಿ! ಒಗ್ಗರಣೆ ಸೀಯ್ತಾ ಇದೆ!" ಅನ್ನೋ ಅವಳ ಕೂಗು ನಮ್ಮ ಮನೆಯಲ್ಲಿ ಗಡಿಯಾರದ ಗಂಟೆ ಇದ್ದ ಹಾಗೆ. ಉಣ್ತಾ ಇರೋವಾಗ ಕತ್ತಲೆ ಆದರೆ ತಾಯಿ ಮಗಳಿಬ್ಬರೂ ತುತ್ತು ಹಿಡಿದ ಕೈಯನ್ನ ಹಾಗೇ ತಟ್ಟೆ ಮೇಲೆ ನಿಲ್ಲಿಸಿಕೊಂಡು ಯಾರಾದರೂ ಸ್ವಿಚ್ಚು ಹಾಕಲಿ ಅಂತ ಕಾಯೋರು. ನಾನು ಹಾಲಿನ ಟ್ಯೂಬ್‌ಲೈಟಿನ ಕೆಳಗೆ ಕೂತು ಅದನ್ನ ನೋಡಿದ್ದೀನಿ. ನೋಡಿ, ಎದ್ದು ಹೋಗಿ ಸ್ವಿಚ್ಚು ಹಾಕದೆ ನನ್ನ ಊಟ ಮುಗಿಸಿದ್ದೀನಿ.

ಎಸ್ಸೆಸ್ಸೆಲ್ಸಿ ಆದಮೇಲೆ ಮೊಮ್ಮಗಳು ಐಟಿಐಗೆ ಎಲೆಕ್ಟ್ರಿಶಿಯನ್ ಕಲೀತೀನಿ ಅಂತ ಅರ್ಜಿ ಹಾಕಿದಳು. ಕ್ಲಾಸಿಗೆ ಇವಳೊಬ್ಬಳೇ ಹುಡುಗಿ. "ಫ್ಯೂಸು ಹೋಗಿ ಕರೆಂಟು ಕಲೀತದಂತೆ, ಇಡೀ ಮೈಸೂರಿಗೆ ಮೇಣದ ಬತ್ತಿ ಕೊಡಿಸಿ" ಅಂತ ನಾನು ಅಂದೆ. ಅವಳು ಎರಡು ವರ್ಷ ಅದೇ ಅಡುಗೆಮನೆಯ ಕಾಮಾಲೆ ಬೆಳಕಲ್ಲಿ ಕೂತು ಓದಿದಳು. ಹಾಲಿಗೆ ಬಂದು ಓದೇ ಅಂದರೆ ಬರೋಳಲ್ಲ.

ಆ ಕಾಲದಲ್ಲೇ ನಮ್ಮ ಬಚ್ಚಲುಮನೆಗೆ ಏನೋ ರೋಗ ಬಂತು. ಬಲ್ಬು ನೋಡಿದರೆ ನೂರರದ್ದು, ದಪ್ಪ ಬುರುಡೆ. ಬೆಳಕು ನೋಡಿದರೆ ಆರೋಕೆ ಬಂದ ಕೆಂಡ. ಅಡುಗೆಮನೆಯ ಪುಟ್ಟ ನಲವತ್ತರ ಬಲ್ಬು ಮಾತ್ರ ಮೊದಲಿಗಿಂತ ಪರವಾಗಿಲ್ಲ ಅನ್ನೋ ಹಾಗೆ ಉರಿಯೋದು. ನನಗೆ ತಲೆಬುಡ ತಿಳೀಲಿಲ್ಲ. ಅಂಗಡಿಯವನ ಹತ್ತಿರ ಹೋಗಿ, "ಡೂಪ್ಲಿಕೇಟ್ ಮಾಲು ಮಾರ್ತೀಯಾ?" ಅಂತ ಜಗಳ ಆಡಿದೆ. ಒಂದು ಬೆಳಗ್ಗೆ ಆ ಕತ್ತಲೆಯಲ್ಲಿ ಸೋಪಿನ ಮೇಲೆ ಕಾಲಿಟ್ಟು ಬಿದ್ದೆ. ಗಲ್ಲಕ್ಕೆ ಮೂರು ಹೊಲಿಗೆ. ಆವತ್ತು ನನ್ನ ಹಿಡಿದೆತ್ತಿ ಆಟೋಗೆ ಕೂರಿಸಿದ್ದು ಮೊಮ್ಮಗಳೇ. ದಾರಿಯುದ್ದಕ್ಕೂ ಅವಳು ನನ್ನ ಗಲ್ಲಕ್ಕೆ ಟವಲು ಒತ್ತಿಕೊಂಡಿದ್ದಳು. ಎಷ್ಟು ಪ್ರೀತಿ ನೋಡು ಅಂದುಕೊಂಡೆ. ಅಲ್ಲಿಂದ ಈಚೆಗೆ ನನ್ನ ಮನಸ್ಸು ಕರಗಿದ್ದು. ಬೀದಿಯವರ ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎಲ್ಲ ಅವಳ ಕೈಗೇ ಬರ್ತಿದ್ದವು. ಹಿಂದಿನಿಂದ ನಾನು, "ನಮ್ಮ ಹುಡುಗಿ ಕಣ್ರೀ" ಅಂತಿದ್ದೆ, ಎದುರಿಗೆ ಫ್ಯೂಸು ಅಂತಲೇ ಕರೀತಿದ್ದೆ. ಆ ಹೆಸರು ನನ್ನ ನಾಲಿಗೆಗೆ ಅಂಟಿಬಿಟ್ಟಿತ್ತು.

ಈಗ ಶನಿವಾರಕ್ಕೆ ಬರ್ತೀನಿ. ಬೀದಿಯೆಲ್ಲ ಸುತ್ತಿ ಬಂದು ನೋಡಿದರೆ ಮೊಮ್ಮಗಳು ಮೇನ್ ಸ್ವಿಚ್ಚು ಆರಿಸಿ, ಅಡುಗೆಮನೆಯಲ್ಲಿ ಏಣಿ ಹತ್ತಿ ನಿಂತಿದ್ದಾಳೆ. ಕೆಳಗೆ ಸುರುಳಿ ಸುರುಳಿ ಹೊಸ ವೈರು.

"ಏನೇ ಇದು?"

"ಲೈಸೆನ್ಸು ಬಂದಮೇಲೆ ಮೊದಲನೇ ಕೆಲಸ ತಾತ. ಯಾರೋ ಗೋದಲಿ ಅಂತ ತಿಳ್ಕೊಂಡು ಮನೆಗೆ ವೈರಿಂಗ್ ಮಾಡಿದ್ದಾರೆ."

ನನ್ನ ಹೆಂಡತಿ ಬಾಯಿಗೆ ಸೆರಗು ಮುಚ್ಚಿಕೊಂಡಳು. ಮೊಮ್ಮಗಳು ಏಣಿ ಮೇಲಿಂದಲೇ ಪಾಠ ಶುರು ಮಾಡಿದಳು, ಕೈ ನಿಲ್ಲಿಸದೆ. "ಚಿಕ್ಕವಳಿದ್ದಾಗ ಕೇಳಿದ್ದೆ, ಪಕ್ಕದ ಮನೆ ಲೈಟು ಯಾಕೆ ಹೋಗಲ್ಲ ಅಂತ. ನೀವು ಹೇಳಿದ ಉತ್ತರ ಪರೀಕ್ಷೇಲಿ ಬರೆದಿದ್ದರೆ ಫೇಲಾಗ್ತಿದ್ದೆ. ಈ ಏಣಿ ನೋಡಿ. ಎರಡು ಉದ್ದನೆ ಗಳ, ಅದು ಬೀದಿಯ ಲೈನು. ಒಂದೊಂದು ಮೆಟ್ಟಿಲೂ ಒಂದೊಂದು ಬಲ್ಬು. ಪ್ರತಿ ಮೆಟ್ಟಿಲಿಗೂ ಎರಡು ಗಳದ ಮೇಲೂ ತನ್ನದೇ ಹಿಡಿತ. ಒಂದು ಮೆಟ್ಟಿಲು ಮುರೀಲಿ, ಮಿಕ್ಕಿದ್ದಕ್ಕೆ ಏನೂ ಆಗಲ್ಲ. ಯಾರ ಪಾಲನ್ನ ಯಾರೂ ಕಿತ್ಕೊಳಲ್ಲ, ಎಲ್ಲಕ್ಕೂ ಪೂರ್ತಿ ಇನ್ನೂರ ಮೂವತ್ತು. ಇದು ಪ್ಯಾರಲಲ್. ನೀವು ಮಾಡಿದ್ದು ಸೀರೀಸ್."

ನಾನು ಬಾಯಿಬಿಟ್ಟುಕೊಂಡು ಕೇಳ್ತಾ ಇದ್ದೆ. ಎಷ್ಟು ಚಂದ ಹೇಳ್ತಾಳೆ! ನನ್ನ ರಕ್ತ, ನನ್ನದೇ ನಾಲಿಗೆ, ತಲೆ ಮಾತ್ರ ನನ್ನದಲ್ಲ, ಪುಣ್ಯಕ್ಕೆ.

"ಇನ್ನೊಂದು ಹೇಳ್ಬೇಕು" ಅಂದಳು. ಇಳಿದು ಬಂದು ನನ್ನ ಎದುರು ನಿಂತಳು. "ಸೀರೀಸಿನಲ್ಲಿ ದೊಡ್ಡ ಬಲ್ಬಿಗೆ ಕಡಿಮೆ ಸಿಗುತ್ತೆ, ಚಿಕ್ಕ ಬಲ್ಬಿಗೆ ಜಾಸ್ತಿ. ದೊಡ್ಡದು ಕರೆಂಟನ್ನ ಸಲೀಸಾಗಿ ದಾಟಿಸಿಬಿಡುತ್ತೆ, ಚಿಕ್ಕದು ತಡೆದು ನಿಲ್ಲಿಸುತ್ತೆ. ಬೆಳಕೆಲ್ಲ ತಡೆದು ನಿಂತಿದ್ದಕ್ಕೇ. ಐಟಿಐನಲ್ಲಿ ಅದನ್ನ ಕಲಿತ ದಿನ ಬಂದು ಬಚ್ಚಲಿಗೆ ನೂರರದ್ದು, ಅಮ್ಮನಿಗೆ ನಲವತ್ತರದ್ದು ಹಾಕಿದೆ. ಅಮ್ಮನಿಗೆ ಕಾಣಲಿ ಅಂತ. ನಿಮಗೆ ಕಾಣದೆ ಇರಲಿ ಅಂತಲೂ ಹಾಕಿದೆ ತಾತ. ನಿಮ್ಮ ಗಲ್ಲದ ಹೊಲಿಗೆ ನಂದು."

ಸೊಸೆ ಬೆಳ್ಳಗಾದಳು. ನಾನು ಗಲ್ಲ ಸವರಿಕೊಂಡೆ. ಆವತ್ತು ಆಟೋದಲ್ಲಿ ಟವಲು ಒತ್ತಿದ ಕೈಯೇ ಆ ಬಲ್ಬು ಹಾಕಿದ ಕೈ ಅಂತ ಈಗ ಗೊತ್ತಾಯಿತು. ನೋವಾಯಿತು. ಆದರೆ ಸುಳ್ಳು ಯಾಕೆ, ಆ ನೋವಿನ ಹಿಂದೇ ನಗು ಉಕ್ಕಿ ಬಂತು. "ಅಯ್ಯೋ ಕಳ್ಳಿ! ಅಂಗಡಿಯವನ ಹತ್ತಿರ ನನ್ನ ಮಾನ ಕಳೆದ್ಯಲ್ಲೇ!" ಅಂತ ಗೋಡೆಗೆ ಆತುಕೊಂಡು ನಕ್ಕೆ. ಅವಳು ನಗಲಿಲ್ಲ. ನನ್ನ ಸರದಿಗೆ ಕಾಯ್ತಾ ಇದ್ದಳು.

ಮಗನಿಗೆ ಹೇಳಿ ಅಟ್ಟದಿಂದ ಆ ಗೋಣಿಚೀಲ ಇಳಿಸಿದೆ. ವಠಾರದಿಂದ ಬಂದ ಸಾಮಾನಿನ ಜೊತೆ ಅದೂ ಬಂದಿತ್ತು. ಸರವನ್ನ ಹಾಲಿನ ನೆಲದ ಮೇಲೆ ಉದ್ದಕ್ಕೆ ಹರಡಿದೆ. "ಎಣಿಸೋ" ಅಂದೆ ಮಗನಿಗೆ. "ಇಪ್ಪತ್ತಾರು" ಅಂದ. "ಮೂವತ್ತೆಂಟಿರಬೇಕು. ಹನ್ನೆರಡು ಬಲ್ಬು ಕತ್ತರಿಸಿದವನು ನಾನು. ಆವತ್ತು ಸುಟ್ಟಿದ್ದು ನನ್ನ ಗಂಟುಗಳಿಂದ. ಮಗು ಸ್ವಿಚ್ಚು ಒತ್ತಿದ್ದರಿಂದಲ್ಲ. ಎರಡೇ ದಿನಕ್ಕೆ ನನಗೆ ಗೊತ್ತಾಯಿತು. ನಾನು ಹೇಳಲಿಲ್ಲ."

ನನ್ನ ಹೆಂಡತಿ, "ಗೊತ್ತಿದ್ದೂ ನನ್ನ ಬಾಯಲ್ಲಿ ಹನ್ನೆರಡು ವರ್ಷ ಫ್ಯೂಸು ಅನ್ನಿಸಿದ್ರಾ?" ಅಂದಳು. ನನ್ನನ್ನ ಹೊಡೆಯೋಕೆ ಬಂದವಳ ಹಾಗೆ ಬಂದು ಹಾಗೇ ನಿಂತಳು.

ಮೊಮ್ಮಗಳು, "ನನಗೆ ಹನ್ನೊಂದನೇ ವಯಸ್ಸಿಗೇ ಗೊತ್ತು ಅಜ್ಜಿ. ಅಟ್ಟ ಹತ್ತಿ ಎಣಿಸಿದ್ದೆ, ಗಂಟುಗಳನ್ನೂ ಎಣಿಸಿದ್ದೆ. ತಾತ ಹೇಳಲಿ ಅಂತ ಕಾಯ್ತಿದ್ದೆ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಮಂಡಿಯೂರಿ ಹೇಳಿದ್ದರೆ ಇನ್ನೂ ಚೆನ್ನಾಗಿರ್ತಿತ್ತು" ಅಂದಳು.

ತಮಾಷೆಯಾ ನಿಜವಾ ಅಂತ ಯಾರಿಗೂ ತಿಳೀಲಿಲ್ಲ. ಸೊಸೆ, "ಏ, ವಯಸ್ಸಾದೋರು ಕಣೇ!" ಅಂದಳು. ನಾನು ಕುರ್ಚಿ ಹಿಡ್ಕೊಂಡು ಬಗ್ಗಿದೆ. ಒಂದು ಮಂಡಿ ಇಳೀತು, ಇನ್ನೊಂದು ಇಳಿಯೋವಾಗ ಕಟಕ್ ಅಂತು. ನಾನು ಮಂಡಿಯೂರಿ ಕೂತೆ. ಅವಳು ತಡೀಲಿಲ್ಲ. "ಜಲ್ಲಿ ಇಲ್ಲ, ಪರವಾಗಿಲ್ಲ" ಅಂದಳು. ನನ್ನನ್ನ ಹಾಗೇ ಕೂರಿಸಿ, ಹೋಗಿ ಉಳಿದ ವೈರು ಮುಗಿಸಿ, ಮೇನು ಹಾಕಿ ಬಂದಳು. ಆಮೇಲೆ ಮಗ ನನ್ನನ್ನ ಕಂಕುಳಿಗೆ ಕೈ ಕೊಟ್ಟು ಎತ್ತಿದ. ನನ್ನ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಎರಡೂ ಒಟ್ಟಿಗೆ ಬರ್ತವೆ ಅಂತ ಯಾರೋ ಹೇಳಿದ್ದರೆ ನಂಬ್ತಿರಲಿಲ್ಲ ನಾನು.

ಸಂಜೆ ಅಡುಗೆಮನೆಯ ಸ್ವಿಚ್ಚು ಹಾಕಿದಾಗ ಸೊಸೆ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ನಲವತ್ತರದ್ದು ತೆಗೆದು ಮತ್ತೆ ಹಾಕಿದ್ದು ಅರವತ್ತರದೇ ಬಲ್ಬು, ಆದರೆ ಹೊಟ್ಟೆ ತುಂಬ ಉಂಡ ಬಲ್ಬು. ಗೋಡೆಯ ಮಸಿ, ಡಬ್ಬಿಗಳ ಜಿಡ್ಡು, ಮೂಲೆಯ ಬಲೆ, ಎಲ್ಲ ಎದ್ದು ಕಂಡಿತು. "ಇಷ್ಟು ಕೊಳಕಲ್ಲಿ ಇಷ್ಟು ದಿನ ಅಡುಗೆ ಮಾಡಿದೆನಾ ನಾನು?" ಅಂತ ಅತ್ತುಬಿಟ್ಟಳು. ಆಮೇಲೆ ತನ್ನ ಎರಡೂ ಮುಂಗೈ ಬೆಳಕಿಗೆ ಹಿಡಿದು ಸುಟ್ಟ ಕಲೆಗಳನ್ನ ನೋಡಿಕೊಂಡಳು. ನನಗೆ ತೋರಿಸೋಕೆ ಅಲ್ಲ. ಆದರೂ ನನಗೆ ಕಂಡಿತು.

ಮುದ್ದೆ, ಕೋಳಿ ಸಾರು, ಅನ್ನ ಆಯಿತು. ನಾವು ಮೂವರೂ ಹಾಲಿನಲ್ಲಿ ಕೂತೆವು. ಮೊಮ್ಮಗಳು ತಟ್ಟೆ ತಗೊಂಡು ಎಂದಿನಂತೆ ಒಳಗೆ ಹೋದಳು.

"ಇಲ್ಲಿ ಬಾ ಕಣವ್ವ" ಅಂದೆ.

ಒಳಗಿಂದ ಉತ್ತರ ಬಂತು. "ನೀವು ಕೂತ ಕಡೆ ನಾನು ಬರಲ್ಲ ತಾತ. ನಾನು ಕೂತ ಕಡೆ ನೀವು ಬರಬಹುದು. ಇಲ್ಲಿ ಈಗ ಲೈಟಿದೆ."

ನಾನು ತಟ್ಟೆ ಎತ್ತಿಕೊಂಡು ಎದ್ದೆ. ಹೆಂಡತಿ, "ಅಡುಗೆಮನೆ ನೆಲದ ಮೇಲಾ? ನಿಮ್ಮ ಮಂಡಿ?" ಅಂದಳು. "ನನ್ನ ಮಂಡಿಗೆ ಅಭ್ಯಾಸ ಆಯ್ತು, ನೀನು ಏಳು" ಅಂದೆ. ಐದು ಜನಕ್ಕೆ ಆ ಅಡುಗೆಮನೆ ಇಕ್ಕಟ್ಟು. ಮಗನ ಬೆನ್ನು ಸಿಲಿಂಡರಿಗೆ, ನನ್ನ ಬೆನ್ನು ನೀರಿನ ಡ್ರಮ್ಮಿಗೆ. ನನಗೆ ಮಣೆ ಹಾಕಿದರು. ಎಲ್ಲರೂ ಕೈ ಜೋಡಿಸಿ ಕೂತೆವು. ಜಪ ನಾನು ಶುರು ಮಾಡಲಿಲ್ಲ. ಅವಳ ಕಡೆ ನೋಡಿದೆ. ಅವಳು ಕಣ್ಣು ಮುಚ್ಚಿ ಜಪ ಹೇಳಿದಳು. ಒಂಬತ್ತು ವರ್ಷದವಳಿದ್ದಾಗ ಎಷ್ಟು ಬಿರಬಿರನೆ ಹೇಳ್ತಿದ್ದಳೋ ಅಷ್ಟೇ ಬಿರಬಿರನೆ.

"ಸಾರು ಹಳಸಿದ್ಯಾ ತಾತ?" ಅಂದಳು.

"ಇಲ್ಲ ಕಣವ್ವ" ಅಂದೆ. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದೆ. ಇಷ್ಟು ರುಚಿ ನಾನು ಕಂಡಿರಲಿಲ್ಲ.

ಅರ್ಧ ಊಟದಲ್ಲಿ ಮಗ ಎದ್ದು ಬಚ್ಚಲಿಗೆ ಹೋಗಿ ಬಂದ. ಬರೋವಾಗ ಅಲ್ಲಿನ ಹೊಸ ಸ್ವಿಚ್ಚನ್ನ ಟಕ್ ಅಂತ ಆರಿಸಿದ. ಆ ಸದ್ದಿಗೆ ಸೊಸೆಯ ಕೈ, ಮೊಮ್ಮಗಳ ಕೈ, ಎರಡೂ ತುತ್ತು ಹಿಡಿದುಕೊಂಡು ತಟ್ಟೆ ಮೇಲೆ ಹಾಗೇ ನಿಂತುಬಿಟ್ಟವು, ಕತ್ತಲೆಗೆ ಕಾಯೋ ಹಾಗೆ. ಕತ್ತಲೆ ಬರಲಿಲ್ಲ. ಇಬ್ಬರೂ ತಲೆ ಎತ್ತಿ ಬಲ್ಬು ನೋಡಿದರು. ಆಮೇಲೆ ತುತ್ತು ಬಾಯಿಗೆ ಹೋಯಿತು.

"ಇನ್ನೊಂದು ಮುದ್ದೆ ಹಾಕಮ್ಮ" ಅಂದಳು ಮೊಮ್ಮಗಳು, "ತಾತನಿಗೂ ಹಾಕು."